ಗೋಡೆಗೇನು ಬೇಜಾರು

ಮಾರ್ಚ್ 3

ಮಗಳು ಇವತ್ತು ನನ್ನನ್ನು ಕಲೆಯ ಬಳಿಗೆ ಕರೆದೊಯ್ದಳು. ಕರೆದೊಯ್ದಳು ಎಂದು ಮರ್ಯಾದೆಗೆ ಬರೆಯುತ್ತಿದ್ದೇನೆ. ಅಂಗಿಯ ತೋಳು ಹಿಡಿದು ಎಳೆದುಕೊಂಡು ಹೋದಳು.

"ದಿನಾ ಕೂತು ಫ್ಯಾನ್ ನೋಡ್ತೀರಲ್ಲ ಅಪ್ಪಾ, ಅದರ ಬದಲು ಅಲ್ಲಿ ಬಂದು ಚಿತ್ರ ನೋಡಿ."

"ಫ್ಯಾನಾದ್ರೂ ತಿರುಗುತ್ತೆ" ಎಂದೆ.

ನಗಲಿಲ್ಲ. ತಾಯಿಯ ಮಗಳು. ಆ ಮಹಾತಾಯಿಯೂ ಅಷ್ಟೇ. ಮದುವೆಯಾದ ದಿನದಿಂದ ನಾನು ಹಾಸ್ಯ ಮಾಡಿದ್ದೇ ಮಾಡಿದ್ದು, ಆಕೆ "ಹೂಂ, ಕೈ ತೊಳ್ಕೊಂಡು ಬನ್ನಿ" ಎಂದದ್ದೇ ಎಂದದ್ದು.

ಮಗಳು ವಿಶ್ವವಿದ್ಯಾಲಯದ ಚಿತ್ರಶಾಲೆಯನ್ನು ನೋಡಿಕೊಳ್ಳುತ್ತಾಳೆ. ವಿಶ್ವವಿದ್ಯಾಲಯಕ್ಕೆ ಚಿತ್ರಶಾಲೆ ಯಾಕೆ ಎಂದು ಕೇಳಬಾರದು. ಆರ್ಟ್ ಫಾರ್ ಯಾವುದೋ ಒಂದರ ಸೇಕ್ ಎಂದು ಬಿ.ಎ.ಯಲ್ಲಿ ಓದಿದ್ದೆ, ಯಾವುದರ ಸೇಕ್ ಎಂಬುದು ಪರೀಕ್ಷೆಯ ದಿನವೇ ಮರೆತುಹೋಗಿತ್ತು, ಈಗ ಬರುತ್ತದೆಯೇ? ಅಲ್ಲಿಯ ಪದ್ಧತಿ ಇನ್ನೂ ಚೆಂದ. ಗ್ರಂಥಾಲಯದವರು ಪುಸ್ತಕ ಕೊಟ್ಟ ಹಾಗೆ ಇವರು ಚಿತ್ರ ಎರವಲು ಕೊಡುತ್ತಾರೆ. ಸೆಮಿಸ್ಟರ್ ಶುರುವಿನಲ್ಲಿ ಹುಡುಗರು ಸಾಲು ನಿಂತು, ಬೇಕಾದ ಚಿತ್ರ ಹೊತ್ತುಕೊಂಡು ಹೋಗಿ ಹಾಸ್ಟೆಲ್ ಕೋಣೆಯಲ್ಲಿ ನೇತುಹಾಕಿಕೊಳ್ಳುವುದು, ಸೆಮಿಸ್ಟರ್ ಮುಗಿದಾಗ ತಂದು ಒಪ್ಪಿಸುವುದು. ಬಂದ ಚಿತ್ರದಲ್ಲಿ ಎಲ್ಲಿ ಗೀರು, ಎಲ್ಲಿ ಬಿರುಕು ಎಂದು ನೋಡಿ ಸ್ಥಿತಿವರದಿ ಬರೆಯಬೇಕಂತೆ. ಬರೆಯುತ್ತಿದ್ದವರು ನಿವೃತ್ತರಾಗಿದ್ದಾರೆ. ನಾನು ವಿಮಾ ಕಂಪನಿಯ ಸರ್ವೇಯರ್ ಆಗಿ ಜೀವಮಾನವೆಲ್ಲ ಸುಟ್ಟ ಅಂಗಡಿ, ನೆನೆದ ಗೋದಾಮು, ನಜ್ಜುಗುಜ್ಜಾದ ಲಾರಿ ನೋಡಿ ಹಾನಿ ಎಷ್ಟೆಂದು ಬರೆದವನು. ಅಪಘಾತಕ್ಕೂ ಚಿತ್ರಕಲೆಗೂ ಅಂಥ ದೂರವೇನಿಲ್ಲ ಎಂದು ಮಗಳಿಗೆ ಹೊಳೆದಿದೆ.

ಸಂಜೆ ಮತ್ತೆ ಫೋಟೋದ ಮಾತು ತೆಗೆದಳು. ಅವಳ ತಾಯಿಯ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದದ್ದು ಬೀರುವಿನ ಮೇಲೆ ಪೇಪರು ಸುತ್ತಿಕೊಂಡೇ ಕೂತಿದೆ. ಮೊಳೆಯೂ ಹೊಡೆದಾಗಿದೆ. ಹಾಲಿನ ಗೋಡೆ ತೇವ ಇದೆ, ಫೋಟೋ ಹಾಳಾಗುತ್ತದೆ ಎಂದು ನಾನು ತಜ್ಞ ಅಭಿಪ್ರಾಯ ಕೊಟ್ಟಿದ್ದೇನೆ. ಮಗಳು ಗೋಡೆಗೆ ಅಂಗೈ ಒತ್ತಿ ನೋಡಿದಳು. ಆಮೇಲೆ ಅಂಗೈ ನೋಡಿಕೊಂಡಳು. ಒಳಗೆ ಹೋದಳು.

ಮಾರ್ಚ್ 6

ಚಿತ್ರಶಾಲೆ ಇರುವುದು ಪರೀಕ್ಷಾ ವಿಭಾಗಕ್ಕೂ ಕ್ಯಾಂಟೀನಿಗೂ ನಡುವೆ. ಆದ್ದರಿಂದ ಕಲಾಪ್ರೇಮಿಗಳ ನೂಕುನುಗ್ಗಲು. ಮೊದಲ ಕಲಾಪ್ರೇಮಿ ಮರುಮೌಲ್ಯಮಾಪನದ ಕಿಟಕಿ ಎಲ್ಲಿ ಎಂದು ಕೇಳಿದ. ಎರಡನೆಯವಳು ಟಾಯ್ಲೆಟ್ ಎಲ್ಲಿ ಎಂದಳು. ಮೂರನೆಯವನು ಏನೂ ಕೇಳದೆ ಬೆಂಚಿನ ಮೇಲೆ ಮಲಗಿ ನಿದ್ದೆಹೋದ. ಅವನಷ್ಟು ಹೊತ್ತು ಕಲೆಯ ಸಾನ್ನಿಧ್ಯದಲ್ಲಿ ಇನ್ಯಾರೂ ಇರಲಿಲ್ಲ.

ಒಂದು ಗೋಡೆಯ ತುಂಬ ಬರೀ ನೀಲಿ. ಪಕ್ಕದ ಚೀಟಿಯಲ್ಲಿ 'ಶೀರ್ಷಿಕೆ ಇಲ್ಲ' ಎಂದಿದೆ. ಚಿತ್ರವೂ ಇಲ್ಲ, ಅದನ್ನೇಕೆ ಬರೆಯಲಿಲ್ಲವೋ.

ನನ್ನ ಮೊದಲ ವರದಿ: "ಕೆಳಗಿನ ಬಲಮೂಲೆಯಲ್ಲಿ ಟೀ ಲೋಟದ ಉಂಗುರ. ಹಾನಿ ಅಲ್ಪ. ಚಿತ್ರ ಮೊದಲಿಗಿಂತ ಸುಧಾರಿಸಿದೆ." ಕೊನೆಯ ವಾಕ್ಯವನ್ನು ಮಗಳು ಹೊಡೆದುಹಾಕಿಸಿದಳು.

"ಕೆಳಗೆ ವಿದೌಟ್ ಪ್ರೆಜುಡಿಸ್ ಅಂತ ಹಾಕಿದೀನಲ್ಲಮ್ಮ!"

ಕೆಲಸದಲ್ಲಿದ್ದಾಗ ಎಲ್ಲ ವರದಿಯ ಕೆಳಗೂ ಅದನ್ನು ಹಾಕುತ್ತಿದ್ದೆ. ಸರಿಯಾದ ಅರ್ಥ ಈಗಲೂ ಗೊತ್ತಿಲ್ಲ. ಹಾಕಿದರೆ ಯಾರೂ ಜಗಳಕ್ಕೆ ಬರುವುದಿಲ್ಲ ಎಂಬುದು ಮಾತ್ರ ಗೊತ್ತು.

ಮಾರ್ಚ್ 11

ದಾಸ್ತಾನು ಕಪಾಟಿನ ಹಿಂದೆ ಒಬ್ಬ ಹೆಂಗಸು ಸಿಕ್ಕಿದಳು. ಕಿಟಕಿಯ ಮುಂದೆ ಕುರ್ಚಿ, ಕುರ್ಚಿಯ ಮೇಲೆ ಅವಳು, ನಮ್ಮ ಕಡೆಗೆ ಬೆನ್ನು. ತಲೆ ತುಸು ಬಗ್ಗಿದೆ. ಮೊಣಕೈಗಳು ಕಾಣುತ್ತವೆ, ಕೈಗಳು ಕಾಣುವುದಿಲ್ಲ. ಮಡಿಲಲ್ಲಿ ಏನೋ ಮಾಡುತ್ತಿದ್ದಾಳೆ. ಇವಳನ್ನು ಇದುವರೆಗೆ ಒಬ್ಬರೂ ಎರವಲು ಒಯ್ದಿಲ್ಲವಂತೆ. ಒಯ್ಯುವುದಾದರೂ ಯಾಕೆ? ಬರೆದವನಿಗೆ ಮುಖವೂ ಬರುತ್ತಿರಲಿಲ್ಲ, ಕೈಯೂ ಬರುತ್ತಿರಲಿಲ್ಲ. ಗೊತ್ತಿದ್ದದ್ದು ಬೆನ್ನೊಂದೇ, ಅದನ್ನೇ ಬರೆದು ಮುಗಿಸಿದ್ದಾನೆ.

"ಸಿಬ್ಬಂದಿನೂ ಎರವಲು ತಗೋಬಹುದು ಅಪ್ಪಾ. ಮನೆಗೆ ತಗೊಂಡ್ಹೋಗೋಣ್ವಾ?"

"ಯಾಕೆ? ನನಗೆ ಬೆನ್ನು ತೋರಿಸೋರು ಕಮ್ಮಿ ಬಿದ್ದಿದಾರಾ?"

ಮಾರ್ಚ್ 12

ಹೆಂಗಸು ಮನೆಗೆ ಬಂದಾಯಿತು. ಫೋಟೋಗೆಂದು ಹೊಡೆದಿದ್ದ ಮೊಳೆಗೇ ಮಗಳು ನೇತುಹಾಕಿದಳು. ಹಾಕಿ, ಸೊಂಟದ ಮೇಲೆ ಕೈಯಿಟ್ಟು, "ಈ ಗೋಡೆ ತೇವ ಅಲ್ವಾ? ಇವಳಿಗೇನೂ ಆಗಲ್ವಾ?" ಎಂದಳು.

"ಎಣ್ಣೆಬಣ್ಣ. ತಡ್ಕೊಳ್ಳುತ್ತೆ."

ಉತ್ತರ ವೃತ್ತಿಪರವಾಗಿತ್ತು. ವಿದೌಟ್ ಪ್ರೆಜುಡಿಸ್.

ಮಾರ್ಚ್ 19

ನರ್ಸಿಂಗ್ ಕಾಲೇಜಿನ ಮೇಡಂ ತಮ್ಮ ಹುಡುಗಿಯರನ್ನು ತಂದು ಒಂದೇ ಚಿತ್ರದ ಮುಂದೆ ಇಡೀ ಪೀರಿಯಡ್ ನಿಲ್ಲಿಸಿದರು. ಮಂಚದ ಅಂಚಿನಲ್ಲಿ ಕೂತ ಮುದುಕನ ಚಿತ್ರ. ಏನೋ ತಪ್ಪು ಮಾಡಿದ್ದಕ್ಕೆ ಶಿಕ್ಷೆ ಎಂದುಕೊಂಡೆ. ಅಲ್ಲ, ಪಾಠವಂತೆ.

"ಹಾರ್ಟ್ ಪೇಷೆಂಟ್ ಮೇಡಂ" ಎಂದಳೊಬ್ಬಳು.

"ಕಾಯಿಲೆ ಕೇಳಲಿಲ್ಲ. ಏನು ಕಾಣ್ತಿದೆ ಹೇಳು."

"ವಯಸ್ಸಾಗಿದೆ."

"ಅದು ನಿನ್ನ ಅಂದಾಜು. ಕಾಣ್ತಿರೋದು?"

ಹುಡುಗಿ ಬಗ್ಗಿ ನೋಡಿದಳು. "ಒಂದು ಕಾಲಿಗೆ ಚಪ್ಪಲಿ ಹಾಕಿದಾನೆ. ಇನ್ನೊಂದು ಕಾಲಿಗೆ ಹಾಕೋಕೆ ಹೋಗಿ... ಹಾಗೇ ಕೂತ್ಬಿಟ್ಟಿದಾನೆ."

"ಹಾಂ! ಈಗ ಶುರುವಾಯ್ತು ನೋಡು."

ಇದಕ್ಕೆ ಚಿತ್ರಶಾಲೆ ಯಾಕೆ ಬೇಕು? ಬೆಳಿಗ್ಗೆ ಹೊತ್ತು ನಮ್ಮ ಮನೆಗೆ ಬಂದಿದ್ದರೆ ಅದೇ ದೃಶ್ಯವನ್ನು ಪುಕ್ಕಟೆ ತೋರಿಸುತ್ತಿದ್ದೆ.

ಆದರೂ ಪಾಠ ತಪ್ಪಲ್ಲ. ಮೊದಲು ಕಂಡದ್ದು ಬರಿ, ಕಾರಣ ಆಮೇಲೆ ಹುಡುಕು ಎಂದು ಸರ್ವೇಯರಿಗೂ ಹೇಳಿಕೊಡುತ್ತಾರೆ. ಊಟ ಮಾಡುತ್ತ ನಮ್ಮ ಗೋಡೆಯವಳನ್ನು ಆ ಪ್ರಕಾರ ನೋಡಿದೆ. ಸೂಜಿಗೆ ದಾರ ಪೋಣಿಸುತ್ತಿದ್ದಾಳೆ ಎಂದಳು ಮಗಳು. ತಲೆ ಇದೆಯೇ ಇವಳಿಗೆ? ದಾರ ಪೋಣಿಸುವವರು ಕೈಯನ್ನು ಬೆಳಕಿಗೆ ಎತ್ತಿ ಹಿಡಿಯುತ್ತಾರೆ. ಒಂದು ಕಣ್ಣು ಮುಚ್ಚುತ್ತಾರೆ. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತಾರೆ. ಪಕ್ಕದಲ್ಲಿ ಯಾರಾದರೂ ಜೋಕು ಹೇಳಲು ಬಂದರೆ "ತಡೀರಿ" ಎಂದು ಮೂಗಿನಲ್ಲೇ ಗದರುತ್ತಾರೆ. ಎಲ್ಲರೂ ಹಾಗೇ ಮಾಡುತ್ತಾರೆ ಎಂದೆ.

"ಎಲ್ಲರೂ ಅಲ್ಲ ಅಪ್ಪಾ" ಎಂದಳು.

ಊಟಕ್ಕೆ ಉಪ್ಪು ಕಡಿಮೆಯಿತ್ತು.

ಮಾರ್ಚ್ 24

ಇವತ್ತೊಬ್ಬ ರಸಿಕ ಮನುಷ್ಯ ಸಿಕ್ಕಿದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅಳತೆಯ ಟೇಪು. ಚಿತ್ರಗಳನ್ನು ಬಿಟ್ಟು ಚಿತ್ರಗಳ ನಡುವಿನ ಗೋಡೆಯನ್ನು ಅಳೆಯುತ್ತಿದ್ದ. ಇವನಿಗೆ ಟೇಪು ಎಂದೇ ಹೆಸರಿಟ್ಟಿದ್ದೇನೆ.

"ಇಲ್ಲಿಗೆ ಯಾರಾದ್ರೂ ಬರ್ತಾರಾ ಯಜಮಾನ್ರೇ?"

"ಬರ್ತಾರಲ್ಲ, ಟಾಯ್ಲೆಟ್ ಎಲ್ಲಿ ಅಂತ ಕೇಳೋಕೆ."

ಟೇಪು ಕಿಸಕ್ಕೆಂದ. ನನಗೆ ಹುರುಪು ಬಂತು.

"ಇವನ್ನೆಲ್ಲ ತೆಗೆದುಬಿಟ್ರೆ?"

"ತೆಗೀರಿ, ಯಾರ್ ಬೇಡ ಅಂದೋರು? ಗೋಡೆಗೇನು ಬೇಜಾರಾಗುತ್ತಾ?"

ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನ ಮಾತಿಗೆ ಒಬ್ಬ ಮನುಷ್ಯ ಹೀಗೆ ನಕ್ಕು ಎಷ್ಟು ಕಾಲವಾಯಿತು! ಆಮೇಲೆ ಫೋನಿನಲ್ಲಿ ಏನೋ ಬರೆದುಕೊಂಡ. ಜೋಕನ್ನು ಹೆಂಡತಿಗೆ ಹೇಳಲು ಇರಬೇಕು. ಪುಣ್ಯವಂತ.

ಏಪ್ರಿಲ್ 2

ಟೇಪು ಬರೆದುಕೊಂಡದ್ದು ಹೆಂಡತಿಗಲ್ಲ.

ಅವನು ವಿಶ್ವವಿದ್ಯಾಲಯದ ಕಟ್ಟಡಗಳ ಅಧಿಕಾರಿ. ಚಿತ್ರಶಾಲೆಯನ್ನು ಮುಚ್ಚಿ, ಆ ಹಾಲಿನಲ್ಲಿ ವಿಶ್ವವಿದ್ಯಾಲಯದ ಲಾಂಛನ ಹಾಕಿದ ಟೀ ಶರ್ಟು, ಟೋಪಿ, ಲೋಟ ಮಾರುವ ಮಳಿಗೆ ತೆರೆಯಬೇಕೆಂದು ಕುಲಪತಿಗಳಿಗೆ ವರದಿ ಕೊಟ್ಟಿದ್ದಾನೆ. ಎರವಲು ಹೋದ ಚಿತ್ರಗಳನ್ನೆಲ್ಲ ಈಗಲೇ ವಾಪಸು ತರಿಸಿ, ಆಡಳಿತ ಕಟ್ಟಡದ ನೆಲಮಾಳಿಗೆಗೆ ಹಾಕುವುದಂತೆ. ಹದಿನೈದನೇ ತಾರೀಕು ಸಭೆ. ಮಗಳು ಊಟಕ್ಕೆ ಕೂತಾಗ ವರದಿಯನ್ನು ಗಟ್ಟಿಯಾಗಿ ಓದಿದಳು.

"'ಚಿತ್ರಗಳನ್ನು ತೆಗೆದರೆ ಗೋಡೆಗೇನೂ ಬೇಜಾರಾಗುವುದಿಲ್ಲವೆಂದು ಚಿತ್ರಶಾಲೆಯ ಸಿಬ್ಬಂದಿಯೇ ಅಭಿಪ್ರಾಯಪಟ್ಟಿರುತ್ತಾರೆ.'"

ನಾನು ತಟ್ಟೆ ನೋಡುತ್ತಿದ್ದೆ.

"ಯಾರ ಮಾತು ಅಂತ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಹುಟ್ಟಿದಾಗಿಂದ ಇದನ್ನೇ ಕೇಳ್ಕೊಂಡು ಬೆಳೆದಿದೀನಿ. ಅಮ್ಮ ಯಾಕೆ ನಗ್ತಿರಲಿಲ್ಲ ಗೊತ್ತಾ? ನಕ್ಕರೆ ನೀವು ನಿಲ್ಲಿಸಲ್ಲ ಅಂತ."

ಇದು ನನಗೆ ಹೊಸ ಮಾಹಿತಿ. ಇಷ್ಟು ತಡವಾಗಿ ಬಂದ ಮಾಹಿತಿಯನ್ನು ಏನು ಮಾಡುವುದು?

ಏಪ್ರಿಲ್ 3

ಮಗಳು ಮಾತಾಡುತ್ತಿಲ್ಲ. ಮನೆಯಲ್ಲಿ ಬೆನ್ನು ತಿರುಗಿಸಿದ ಹೆಂಗಸರು ಈಗ ಇಬ್ಬರು.

ಏಪ್ರಿಲ್ 8

ಮಾತಾಡದಿದ್ದರೂ ಕೆಲಸ ಹೇಳುತ್ತಾಳೆ. ತಳ್ಳುಗಾಡಿ ಕೊಟ್ಟು ಹಾಸ್ಟೆಲ್‌ಗಳಿಂದ, ಮೇಷ್ಟ್ರುಗಳ ಮನೆಗಳಿಂದ ಚಿತ್ರ ವಾಪಸು ತರಲು ಕಳಿಸಿದಳು. ನಾನು ಹಾಳುಮಾಡಿದ್ದನ್ನು ನಾನೇ ಹೊತ್ತು ತರಬೇಕೆಂಬ ಏರ್ಪಾಡು. ನ್ಯಾಯವೇ.

ಒಂದು ಕೋಣೆಯಲ್ಲಿ ಸಮುದ್ರದ ಚಿತ್ರದ ಕಟ್ಟಿಗೆ ಒದ್ದೆ ಟವೆಲ್ ಒಣಹಾಕಿದ್ದರು. ವಾತಾವರಣಕ್ಕೆ ಹೊಂದುತ್ತಿತ್ತು. ಗಣಿತದ ಮೇಷ್ಟ್ರೊಬ್ಬರು ಚಿತ್ರವನ್ನು ತಲೆಕೆಳಗು ಮಾಡಿ ಹಾಕಿದ್ದರು. ಹೇಳಿದ್ದಕ್ಕೆ, "ತಲೆಕೆಳಗೇ ಸರಿ ಇರೋದು. ಬರೆದೋರಿಗೆ ಗೊತ್ತಾಗಿಲ್ಲ" ಎಂದರು. ನಾನೂ ಕತ್ತು ತಿರುಗಿಸಿ ನೋಡಿದೆ. ಅವರ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಬೋಳುಗೋಡೆಯ ಮೇಲೆ ಚಿತ್ರವಿದ್ದ ಜಾಗ ಮಾತ್ರ ಬೆಳ್ಳಗೆ ಚೌಕವಾಗಿ ಉಳಿಯಿತು. ಮೇಷ್ಟ್ರು ಅದನ್ನೇ ನೋಡುತ್ತ ನಿಂತರು. ಎಲ್ಲ ಕೋಣೆಯಲ್ಲೂ ಇದೇ. ನಾನು ಗಾಡಿ ತಳ್ಳಿಕೊಂಡು ಹೊರಟರೆ ಹಿಂದೆ ಜನ ಒಂದು ಬಿಳಿ ಚೌಕ ನೋಡುತ್ತ ನಿಲ್ಲುವುದು.

ಕೊನೆಯ ಕೋಣೆಯದು ರಸಾಯನಶಾಸ್ತ್ರದ ಹುಡುಗಿ. ಬೆರಳೆಲ್ಲ ಕಲೆ. ಗಾಳಿಗೆ ಬಾಗಿದ ಮರದ ಚಿತ್ರ ಅವಳ ಮಂಚದ ಎದುರಿಗೆ.

"ಕೊಡಲ್ಲ ತಾತ."

"ಮರ ನಿಂದಲ್ಲಮ್ಮ, ಯೂನಿವರ್ಸಿಟೀದು."

"ಇಲ್ನೋಡಿ, ಈ ಕೊಂಬೆ ಕೆಳಗೆ ಒಂದು ಹಸಿರು ಚುಕ್ಕಿ ಇದೆ. ಇಡೀ ಚಿತ್ರದಲ್ಲಿ ಇನ್ನೆಲ್ಲೂ ಹಸಿರಿಲ್ಲ. ಒಂದೆಲೆ ಉಳಿದಿದೆಯಾ, ಹಕ್ಕಿಯಾ, ಕೈತಪ್ಪಿ ಬಿದ್ದ ಬಣ್ಣವಾ? ಪರೀಕ್ಷೆ ಭಯಕ್ಕೆ ನಿದ್ದೆ ಬರದೇ ಇದ್ದಾಗೆಲ್ಲ ನೋಡ್ತೀನಿ. ಅದು ಗೊತ್ತಾಗೋವರೆಗೂ ಕೊಡಲ್ಲ."

ಸರಿಯಾಗಿ ಗದರಿಸಬೇಕೆಂದು ಬಾಯಿ ತೆರೆದೆ. "ಆ ಮೊಳೆ ಸಡಿಲ ಇದೆ, ಬಿಗಿ ಮಾಡಿಸ್ಕೋ" ಎಂದು ಬಂತು. ಮರವನ್ನು ಅಲ್ಲೇ ಬಿಟ್ಟು ಗಾಡಿ ತಳ್ಳಿಕೊಂಡು ಬಂದೆ. ಅವಳು ಕೋಣೆಯಲ್ಲಿರಲಿಲ್ಲ ಎಂದು ಮಗಳಿಗೆ ಹೇಳಿದ್ದೇನೆ.

ಏಪ್ರಿಲ್ 11

ನೆಲಮಾಳಿಗೆ ನೋಡಿಬಂದೆ. ಯಾರೂ ಹೋಗು ಎನ್ನಲಿಲ್ಲ. ಅಭ್ಯಾಸಬಲ, ಸರಕು ಎಲ್ಲಿಡುತ್ತಾರೆಂದು ನೋಡದೆ ಸರ್ವೇಯರಿಗೆ ಸಮಾಧಾನವಿಲ್ಲ. ಮೇಲೆ ನೀರಿನ ಪೈಪುಗಳ ಗೊಂಚಲು, ಕೆಳಗೆ ಹಳೆಯ ಕುರ್ಚಿಗಳ ರಾಶಿ. ಗೋಡೆಗೆ ಅಂಗೈ ಒತ್ತಿದೆ. ತೆಗೆದಾಗ ಹೊಳೆಯುತ್ತಿತ್ತು. ಇಂಥ ಗೋದಾಮುಗಳಲ್ಲಿ ಬಟ್ಟೆಯ ಥಾನುಗಳು ಏನಾಗಿದ್ದವೆಂದು ನೋಡಿದವನು ನಾನು. ಚಿತ್ರವೂ ಬಟ್ಟೆಯೇ ತಾನೆ?

ಬಂದು ಮಗಳಿಗೆ ಹೇಳಿದೆ. "ಕೆಳಗೆ ತೇವ ಇದೆ. ಎಲ್ಲ ಬೂಷ್ಟು ಹಿಡಿದುಹೋಗುತ್ತೆ."

ಅಷ್ಟು ದಿನದ ಮೇಲೆ ಬಾಯಿ ಬಿಟ್ಟಳು. "ನಿಮ್ಮ ತೇವ ನಂಗೊತ್ತು ಬಿಡಿ ಅಪ್ಪಾ."

"ಇದು ನಿಜವಾದ ತೇವ ಕಣಮ್ಮ!"

ಹೇಳಿದ ಮೇಲೆ, ಹಾಗಾದರೆ ಇನ್ನೊಂದು ಯಾವುದು ಎಂದು ಅವಳು ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. ಒಳ್ಳೆಯ ಹುಡುಗಿ.

ಏಪ್ರಿಲ್ 15

ಸಭೆ. ದೊಡ್ಡ ಮೇಜು, ಸಣ್ಣ ಬಿಸ್ಕತ್ತು. 'ಅಭಿಪ್ರಾಯಪಟ್ಟ ಸಿಬ್ಬಂದಿ' ಎಂದು ನನ್ನನ್ನೂ ಕರೆದಿದ್ದರು. ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಭಾಷಣ ತಯಾರಿಸಿದ್ದೆ. ರೆಸ್ಪೆಕ್ಟೆಡ್ ಡಿಗ್ನಿಟರೀಸ್ ಆನ್ ದಿ ಡಯಾಸ್ ಎಂದು ಎದ್ದೆ. ಡಯಾಸ್ ಇರಲಿಲ್ಲ. ಆರ್ಟ್ ಫಾರ್ ಎಂದೆ. ಯಾವುದರ ಸೇಕ್ ಎಂದು ಮತ್ತೆ ಬರಲಿಲ್ಲ. ಆ ಪ್ರಶ್ನೆಯಲ್ಲಿ ನಾನು ಎರಡು ಸಲ ಫೇಲ್.

ಟೇಪು ಸಹಾಯಕ್ಕೆ ಬಂದ. "ಯಜಮಾನ್ರೇ, ಗೋಡೆಗೇನು ಬೇಜಾರು ಅಂತ ನೀವೇ ತಾನೆ ಅಂದಿದ್ದು?" ಮೇಜಿನ ಸುತ್ತ ನಗು. ಮಗಳು ಬಿಸ್ಕತ್ತಿನ ತಟ್ಟೆ ನೋಡುತ್ತಿದ್ದಳು.

"ಅಂದಿದ್ದು ನಾನೇ. ಈಗಲೂ ಅದನ್ನೇ ಅಂತೀನಿ. ಗೋಡೆಗೆ ಬೇಜಾರಾಗಲ್ಲ ಸಾರ್, ಎದುರಿಗೆ ಕೂತಿರೋರಿಗೆ ಆಗುತ್ತೆ. ಗೋಡೇನ ಯಾರೂ ಕೇಳಬಾರದಿತ್ತು. ನಾನು ಕೋಣೆ ಕೋಣೆಗೂ ಹೋಗಿ ಚಿತ್ರ ಇಳಿಸಿದೀನಿ. ಆಮೇಲೆ ಅವರು ಏನು ನೋಡ್ತಾ ನಿಂತ್ಕೋತಾರೆ ಅಂತ ನೋಡಿದೀನಿ."

ಯಾರೂ ನಗಲಿಲ್ಲ. ಜೋಕು ಹಾಳಾಯಿತು ಎಂದು ಗಾಬರಿಯಾಗಿ, ನನಗೆ ಗೊತ್ತಿರುವ ವಿಷಯಕ್ಕೆ ಬಂದೆ. ಪೈಪು, ಗೋಡೆ, ಬೂಷ್ಟು. ಒಳಗಿಟ್ಟ ಮಾಲು ಹಾಳಾಗುತ್ತದೆ ಎಂದು ಗೊತ್ತಿದ್ದೂ ಇಟ್ಟರೆ ಯಾವ ವಿಮಾ ಕಂಪನಿಯೂ ಪರಿಹಾರ ಕೊಡುವುದಿಲ್ಲ ಎಂದೆ. ಕಲೆಗೆ ಅಲುಗಾಡದ ಕುಲಪತಿಗಳು ವಿಮೆಗೆ ಅಲುಗಾಡಿದರು.

"ಹಾಗಾದ್ರೆ ಇವನ್ನೆಲ್ಲ ಎಲ್ರೀ ಇಡೋದು?"

"ಎಲ್ಲಿದ್ವೋ ಅಲ್ಲೇ. ಹುಡುಗರ ಕೋಣೇಲಿ, ಮೇಷ್ಟ್ರುಗಳ ಮನೇಲಿ. ಕಾವಲು ಬೇಡ, ಕರೆಂಟು ಬೇಡ."

ಖರ್ಚಿಲ್ಲದ ಸಂಸ್ಕೃತಿಯೆಂದರೆ ಯಾರಿಗೆ ಪ್ರೀತಿಯಿಲ್ಲ? ಕೊನೆಗೆ ತೀರ್ಮಾನವಾದದ್ದು: ಚಿತ್ರಶಾಲೆಯ ಹಾಲ್ ಟೀ ಶರ್ಟಿನ ಮಳಿಗೆಗೆ. ಚಿತ್ರಗಳು ಎರವಲಿಗೆ, ವಾಪಸು ತಂದವೂ ಸೇರಿ. ಎರವಲು ಕೌಂಟರಿಗೆ ಗ್ರಂಥಾಲಯದ ಮೆಟ್ಟಿಲ ಕೆಳಗಿನ ಕೋಣೆ. ಅಂದರೆ ಅರ್ಧ ಸೋತೆವು. ನಾನು ಮಾತಾಡದೇ ಇದ್ದಿದ್ದರೆ ಪೂರ್ತಿ ಸೋಲುತ್ತಿದ್ದೆವು. ನಾನು ಮೊದಲೇ ಮಾತಾಡದೇ ಇದ್ದಿದ್ದರೆ ಸಭೆಯೇ ಇರುತ್ತಿರಲಿಲ್ಲವೋ ಏನೋ. ಎರಡೂ ಸೇರಿ ನನ್ನ ಕೊಡುಗೆ ಏನಾಯಿತೆಂದು ಮಗಳನ್ನು ಕೇಳುವ ಧೈರ್ಯವಾಗಲಿಲ್ಲ.

ಮಗಳು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮನೆಗೆ ಬಂದು ಒಲೆ ಹಚ್ಚಿ, ಅಡುಗೆಮನೆಯಿಂದಲೇ ಕೂಗಿದಳು. "ಕೈ ತೊಳ್ಕೊಂಡು ಬನ್ನಿ."

ಉಪ್ಪು ಸರಿಯಾಗಿತ್ತು.

ಜುಲೈ 1

ಹೊಸ ಸೆಮಿಸ್ಟರ್. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನೆಟ್ಟಗೆ ನಿಂತರೆ ತಲೆ ಬಡಿಯುತ್ತದೆ. ಆದ್ದರಿಂದ ಎಲ್ಲರೂ ಕಲೆಯ ಮುಂದೆ ತಲೆಬಾಗುತ್ತಾರೆ. ಸಾಲು ಕ್ಯಾಂಟೀನಿನ ಬಾಗಿಲವರೆಗೆ ಬೆಳೆದಿತ್ತು. ತಲೆಕೆಳಗಿನ ಮೇಷ್ಟ್ರು ಅದೇ ಚಿತ್ರ ಕೇಳಿದರು. ಒಬ್ಬರೇ ಬೆನ್ನುಬೆನ್ನಿಗೆ ಒಂದೇ ಚಿತ್ರ ಇಟ್ಟುಕೊಳ್ಳುವಂತಿಲ್ಲ ಎಂದು ಮಗಳು ನಿಯಮ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಮಗೂ ಅಪ್ಪಾ."

"ಸಿಬ್ಬಂದಿಗೂ?"

"ರೂಲು ಎಲ್ಲರಿಗೂ ಒಂದೇ."

ಬೆನ್ನಿನವಳನ್ನು ಬೆಳಿಗ್ಗೆಯೇ ಗೋಡೆಯಿಂದ ಇಳಿಸಿ ತಂದಿದ್ದೆ, ಬಾಯಿಮಾತಿಗೆ ವಾದ ಮಾಡಿದ್ದು. ಬೆಳಕಿಗೆ ಹಿಡಿದು ಪರಿಶೀಲಿಸಿದೆ. ಬಣ್ಣ ಗಟ್ಟಿ, ಕಟ್ಟು ಗಟ್ಟಿ, ಗೀರಿಲ್ಲ, ತೇವದ ಗುರುತಿಲ್ಲ. ಕೈಯಲ್ಲಿ ಏನಿದೆ ಎಂದು ಕೊನೆಗೂ ಗೊತ್ತಾಗಲಿಲ್ಲ.

ರಸಾಯನದ ಹುಡುಗಿ ಮರವನ್ನು ಮೇಜಿನ ಮೇಲಿಟ್ಟು, ಸೀದಾ ಬೆನ್ನಿನವಳ ಮೇಲೆ ಕಣ್ಣು ಹಾಕಿದಳು. "ಇದು ನಂಗೆ."

"ಅದರಲ್ಲಿ ಏನಿದೆ ಅಂತ? ಬರೀ ಬೆನ್ನು."

"ಏನೋ ಮಾಡ್ತಿದಾಳಲ್ಲ ತಾತ. ದಾರ ಪೋಣಿಸ್ತಿದಾಳಾ?"

"ಅಲ್ಲ. ಅದೊಂದು ಗ್ಯಾರಂಟಿ. ಉಳಿದದ್ದು ನೀನೇ ನೋಡು. ಹಸಿರು ಚುಕ್ಕಿ ಏನಾಯ್ತು?"

"ಗೊತ್ತಾಗಲಿಲ್ಲ. ಈ ಸಲ ನೀವು ತಗೊಂಡು ನೋಡಿ."

"ಮನೇಲಿ ಮೊಳೆ ಖಾಲಿ ಇಲ್ಲಮ್ಮ" ಎಂದೆ. ಬಾಯಿಂದ ಬಿದ್ದ ಮೇಲೆ ನನಗೇ ಆಶ್ಚರ್ಯ. ಮಗಳ ಪೆನ್ನು ನಿಂತಿತು.

ಮನೆಗೆ ಬಂದು ಫೋಟೋವನ್ನು ಬೀರುವಿನ ಮೇಲಿಂದ ಇಳಿಸಿ, ಪೇಪರು ಬಿಚ್ಚಿ, ಗಾಜು ಒರೆಸಿ ಹಾಕಿದ್ದೇನೆ. ಮಗಳು ಬಾಗಿಲಲ್ಲಿ ನಿಂತು, "ಗೋಡೆ ಒಣಗ್ತಾ?" ಎಂದಳು. "ಒಂದು ಬೇಸಿಗೆ ಕಳೀತಲ್ಲ" ಎಂದೆ. ಅವಳು ಅಂಗೈ ಒತ್ತಿ ನೋಡಲಿಲ್ಲ. ಪಕ್ಕದಲ್ಲಿ ಬಂದು ನಿಂತಳು, ಅಷ್ಟೇ.

ಅಭ್ಯಾಸಬಲದಿಂದ ವರದಿ ಬರೆಯುತ್ತಿದ್ದೇನೆ. ಹೆಂಗಸು, ಎದುರುಮುಖ. ತಲೆ ತುಸು ಎಡಕ್ಕೆ ವಾಲಿದೆ. ಬಲಗಿವಿಯ ಹತ್ತಿರ ಒಂದೆಳೆ ಕೂದಲು ಬಿಚ್ಚಿಕೊಂಡಿದೆ. ಕೈಗಳು ಕಾಣುವುದಿಲ್ಲ, ಕಟ್ಟು ಎದೆಯವರೆಗೆ ಮಾತ್ರ. ನಗುತ್ತಿದ್ದಾಳೆ, ನನ್ನ ಮಾತಿಗಲ್ಲ, ಫೋಟೋದವನು ಏನೋ ಅಂದಿದ್ದಕ್ಕೆ. ಏನಂದ ಎಂದು ಆವತ್ತೇ ಕೇಳಿದ್ದೆ, ಹೇಳಲಿಲ್ಲ. ಗಾಜು ಸರಿ, ಕಟ್ಟು ಸರಿ, ಮೊಳೆ ಗಟ್ಟಿ.

ಹಾನಿ: ಏನೂ ಇಲ್ಲ ಎಂದು ಬರೆದು ಹೊಡೆದುಹಾಕಿದೆ. ಇಷ್ಟು ವರ್ಷದಲ್ಲಿ ಸುಳ್ಳು ವರದಿ ಕೊಟ್ಟದ್ದು ಈ ಗೋಡೆಯ ಬಗ್ಗೆ ಒಂದೇ. ಇನ್ನೊಂದು ಬೇಡ.